ಕೀಲಿಮಣೆಯ ವ್ಯಾಕರಣ

ಬರವಣಿಗೆಯ ಉಪಕರಣವು ಬರೆಯುವವನ ಕೈಯನ್ನು ಮಾತ್ರವಲ್ಲದೆ ಮನಸ್ಸನ್ನೂ ಪಳಗಿಸುತ್ತದೆ. ಓಲೆಗರಿಯ ಮೇಲೆ ಕಬ್ಬಿಣದ ಕಂಠದಿಂದ ಅಕ್ಷರ ಕೊರೆಯುತ್ತಿದ್ದ ಲಿಪಿಕಾರನಿಗೆ ಒಮ್ಮೆ ಮೂಡಿಸಿದ ಗೆರೆಯನ್ನು ಅಳಿಸಿಹಾಕುವ ಸೌಲಭ್ಯವಿರಲಿಲ್ಲ. ಆದುದರಿಂದ ಕಂಠವನ್ನು ಗರಿಗೆ ತಾಗಿಸುವ ಮುನ್ನವೇ ವಾಕ್ಯವು ಅವನ ಮನಸ್ಸಿನಲ್ಲಿ ಸಿದ್ಧವಾಗಿರಬೇಕಾಗಿತ್ತು. ಕಾಗದ, ಶಾಯಿ, ಸೀಸದ ಕಡ್ಡಿ, ಬೆರಳಚ್ಚು ಯಂತ್ರ ಇವು ಒಂದೊಂದೂ ಬಂದಾಗ ಬರೆಯುವ ಬಗೆಯೂ ತಿದ್ದುವ ಬಗೆಯೂ ಬದಲಾದುವು. ಗಣಕಯಂತ್ರ ಬಂದ ಮೇಲಂತೂ ಬರೆಯುವುದಕ್ಕಿಂತ ತಿದ್ದುವುದೇ ದೊಡ್ಡ ಕೆಲಸವಾಯಿತು. ಪತ್ರವಾಗಲಿ, ಲೆಕ್ಕದ ಪಟ್ಟಿಯಾಗಲಿ, ಗಣಕಕ್ಕೆ ಆಜ್ಞೆ ನೀಡುವ ಕ್ರಮವಿಧಿಯಾಗಲಿ, ಒಮ್ಮೆ ಬರೆದು ಹತ್ತು ಸಲ ತಿದ್ದಿದ ಮೇಲೆಯೇ ಅದು ಬಳಕೆಗೆ ಯೋಗ್ಯವಾಗುತ್ತದೆ.

ಹೀಗೆ ಬರೆಯುವುದಕ್ಕೂ ತಿದ್ದುವುದಕ್ಕೂ ರಚಿತವಾದ ತಂತ್ರಾಂಶಕ್ಕೆ ಪಠ್ಯಸಂಪಾದಕ ಅಥವಾ ರೂಢಿಯ ಮಾತಿನಲ್ಲಿ ‘ಎಡಿಟರ್’ ಎಂದು ಹೆಸರು. ಇದರಲ್ಲಿ ಎರಡು ಬಗೆಗಳುಂಟು. ಮೌಸ್ ಹಿಡಿದು, ತೆರೆಯ ಮೇಲಿನ ಗುಂಡಿಗಳನ್ನೂ ಪಟ್ಟಿಗಳನ್ನೂ ಒತ್ತುತ್ತ ಕೆಲಸ ಮಾಡುವುದು ಮೊದಲನೆಯದು. ಇದು ಎಲ್ಲರಿಗೂ ಪರಿಚಿತವಾದುದೇ ಆಗಿದೆ. ಎರಡನೆಯದರಲ್ಲಿ ಚಿತ್ರವಿಲ್ಲ, ಗುಂಡಿಯಿಲ್ಲ, ಮೌಸಿನ ಹಂಗಿಲ್ಲ. ಟರ್ಮಿನಲ್ ಎಂಬ ಬರಿಯ ಅಕ್ಷರಗಳ ತೆರೆಯೊಂದರಲ್ಲಿ, ಕೇವಲ ಕೀಲಿಮಣೆಯ ಮೇಲೆ ಬೆರಳಾಡಿಸಿ, ಸಕಲ ಕಾರ್ಯಗಳನ್ನೂ ನಡೆಸಬೇಕು. ಈ ಎರಡನೆಯ ಬಗೆಯಲ್ಲಿ ಬಹು ಪ್ರಸಿದ್ಧವಾದುವು ‘ವಿ-ಐ’ ಎಂಬುದು ಮತ್ತು ಅದರ ಸುಧಾರಿತ ರೂಪವಾದ ‘ವಿಮ್’ ಎಂಬುದು. ಹೆಸರು ಕೇಳಿದೊಡನೆ ಅಡಿಗೆಮನೆಯಲ್ಲಿ ಪಾತ್ರೆ ಬೆಳಗುವ ಸಾಮಗ್ರಿಯ ನೆನಪಾದರೆ ಅದು ವಿದ್ಯಾರ್ಥಿಯ ತಪ್ಪಲ್ಲ. ಆದರೆ ಈ ವಿಮ್ ಬೆಳಗುವುದು ಬರವಣಿಗೆಯನ್ನು.

ಇದರ ಅಭ್ಯಾಸ ಕಷ್ಟವೆಂಬ ಕೀರ್ತಿ, ಅಥವಾ ಅಪಕೀರ್ತಿ, ಎಲ್ಲೆಡೆಯೂ ಹಬ್ಬಿದೆ. ವಿಶೇಷವಾಗಿ ಕನ್ನಡ ಮಾಧ್ಯಮದಲ್ಲಿ ಓದಿದ ಮಕ್ಕಳು ಇದು ಇಂಗ್ಲಿಷ್ ಬಲ್ಲವರ ಸೊತ್ತೆಂದು ಹಿಂಜರಿಯುವುದುಂಟು. ಈ ಹಿಂಜರಿಕೆಗೆ ಆಧಾರವಿದೆಯೇ ಎಂಬುದನ್ನು ವಿಚಾರಿಸಿ ನೋಡುವುದು ಅವಶ್ಯ.

ಮೊದಲ ದಿನದ ದಿಗ್ಭ್ರಮೆ

ವಿಮ್ ತಂತ್ರಾಂಶವನ್ನು ತೆರೆದ ಹೊಸಬನ ಮುಂದೆ ಒಂದು ಖಾಲಿ ತೆರೆ ಕಾಣುತ್ತದೆ. ಎಡ ಅಂಚಿನಲ್ಲಿ ಮೇಲಿನಿಂದ ಕೆಳಗಿನವರೆಗೆ ಅಲೆಯಂತಹ ಸಣ್ಣ ಗುರುತುಗಳು ಸಾಲುಗಟ್ಟಿ ನಿಂತಿರುತ್ತವೆ. ಅಲ್ಲಿ ಇನ್ನೂ ಬರವಣಿಗೆಯಿಲ್ಲ ಎಂಬುದೇ ಆ ಗುರುತುಗಳ ಅರ್ಥ. ವಿದ್ಯಾರ್ಥಿಯು ಉತ್ಸಾಹದಿಂದ ರೋಮನ್ ಅಕ್ಷರಗಳಲ್ಲಿ ‘ಇಂಡಿಯಾ’ ಎಂದು ಬರೆಯಲು ತೊಡಗಿದನೆನ್ನೋಣ. ಮೊದಲ ಅಕ್ಷರವಾದ ‘ಐ’ ತೆರೆಯ ಮೇಲೆ ಮೂಡುವುದೇ ಇಲ್ಲ. ಉಳಿದ ನಾಲ್ಕು ಅಕ್ಷರಗಳು ಮಾತ್ರ ಮೂಡುತ್ತವೆ. ಕೀಲಿ ಕೆಟ್ಟಿದೆಯೆಂದು ಆತನು ಭಾವಿಸುತ್ತಾನೆ. ಬೇರೊಂದು ಪದವನ್ನು ಬರೆಯಹೊರಟವನಿಗೆ ಮತ್ತೊಂದು ಬಗೆಯ ವಿಪರೀತ ಎದುರಾಗುತ್ತದೆ. ಗಾಬರಿಯಿಂದ ಹೊರಗೆ ಹೋಗಬೇಕೆಂದರೆ ಬಾಗಿಲೂ ಗೋಚರಿಸುವುದಿಲ್ಲ. ವಿಮ್‌ನಿಂದ ಹೊರಬರುವ ದಾರಿ ತಿಳಿಯದೆ ಗಣಕಯಂತ್ರವನ್ನೇ ಆರಿಸಿದವರ ಕಥೆಗಳು ಈ ವೃತ್ತಿಯವರಲ್ಲಿ ನಗೆಯ ಮಾತಾಗಿವೆ.

ಕೀಲಿ ಕೆಟ್ಟಿರುವುದಿಲ್ಲ, ಅವಸ್ಥೆ ಬೇರೆಯಾಗಿರುತ್ತದೆ. ವಿಮ್‌ನಲ್ಲಿ ಮುಖ್ಯವಾಗಿ ಎರಡು ಅವಸ್ಥೆಗಳುಂಟು. ಬರೆಯುವ ಅವಸ್ಥೆ ಒಂದು, ಆಜ್ಞಾಪಿಸುವ ಅವಸ್ಥೆ ಇನ್ನೊಂದು. ತೆರೆದ ಕ್ಷಣದಲ್ಲಿ ಅದು ಆಜ್ಞೆಗಾಗಿ ಕಾದಿರುತ್ತದೆ. ಆ ಅವಸ್ಥೆಯಲ್ಲಿ ‘ಐ’ ಎಂಬುದು ಅಕ್ಷರವಲ್ಲ. ‘ಇಲ್ಲಿ ಬರೆಯಲು ಅವಕಾಶ ಕೊಡು’ ಎಂಬ ಆಜ್ಞೆ. ಆಜ್ಞೆಯನ್ನು ಪಾಲಿಸಿದ ವಿಮ್ ಬರೆಯುವ ಅವಸ್ಥೆಗೆ ಬಂದುದರಿಂದಲೇ ಉಳಿದ ಅಕ್ಷರಗಳು ಮೂಡಿದುವು. ಬರೆದು ಮುಗಿದ ಮೇಲೆ ‘ಎಸ್ಕೇಪ್’ ಎಂಬ ಕೀಲಿಯನ್ನು ಒತ್ತಿದರೆ ಪುನಃ ಆಜ್ಞೆಯ ಅವಸ್ಥೆಗೆ ಮರಳುತ್ತದೆ. ಹೊರಗೆ ಬರುವ ಬಾಗಿಲೂ ಅಲ್ಲಿಯೇ ಇದೆ. ಕೋಲನ್ ಎಂಬ ಎರಡು ಚುಕ್ಕೆಗಳ ಚಿಹ್ನೆಯನ್ನು ಒತ್ತಿ, ‘ಡಬ್ಲ್ಯು’, ‘ಕ್ಯೂ’ ಅಕ್ಷರಗಳನ್ನು ಬರೆದು ಎಂಟರ್ ಒತ್ತಿದರೆ ಬರೆದುದನ್ನು ಉಳಿಸಿ ಹೊರಬರುತ್ತದೆ. ಬರೆದುದು ಬೇಡವೆಂದಾದರೆ ಅದೇ ಚಿಹ್ನೆಯ ಮುಂದೆ ‘ಕ್ಯೂ’ ಮತ್ತು ಭಾವಸೂಚಕ ಚಿಹ್ನೆಯನ್ನು ಒತ್ತಿ ಎಂಟರ್ ಕೊಡಬೇಕು. ಉಳಿಸದೆ ಹೊರಡುವಾಗ ಒಂದು ಉದ್ಗಾರ ಸಹಜವೇ ಎಂದು ನೆನಪಿಟ್ಟುಕೊಂಡರೆ ಇದು ಮರೆಯುವುದಿಲ್ಲ.

ಅಭಾವದಿಂದ ಹುಟ್ಟಿದ ಲಾಘವ

ಇಂತಹ ವಿಚಿತ್ರ ಏರ್ಪಾಡು ಏಕೆ ಬಂದಿತು? ಇದಕ್ಕೆ ಉತ್ತರವು ಈ ತಂತ್ರಾಂಶದ ಜನ್ಮಕಾಲದಲ್ಲಿದೆ.

1969ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಂಪ್ಸನ್ ಎಂಬ ವಿಜ್ಞಾನಿ ‘ಇ-ಡಿ’ ಎಂಬ ಸಂಪಾದಕವನ್ನು ರಚಿಸಿದನು. ಆಗ ಗಣಕಯಂತ್ರದೊಡನೆ ವ್ಯವಹಾರ ನಡೆಯುತ್ತಿದ್ದುದು ಬಹುಮಟ್ಟಿಗೆ ಟೆಲಿಟೈಪ್ ಎಂಬ ಬೆರಳಚ್ಚು ಯಂತ್ರದಂತಹ ಸಾಧನದ ಮೂಲಕ. ಅದಕ್ಕೆ ತೆರೆಯೇ ಇರಲಿಲ್ಲ; ಉತ್ತರವು ಕಾಗದದ ಸುರುಳಿಯ ಮೇಲೆ ಅಚ್ಚಾಗುತ್ತಿತ್ತು. ಪೂರ್ತಿ ಬರವಣಿಗೆಯನ್ನು ಕಣ್ಣಮುಂದೆ ಇಟ್ಟುಕೊಂಡು ತಿದ್ದುವ ಮಾತೇ ಇರಲಿಲ್ಲ. ಒಂದೊಂದು ಸಾಲನ್ನು ಹೆಸರಿಸಿ, ಅದರಲ್ಲಿ ಇಂತಹ ಬದಲಾವಣೆ ಆಗಲೆಂದು ಆಜ್ಞಾಪಿಸಬೇಕಾಗಿತ್ತು. ತಪ್ಪು ಆಜ್ಞೆ ಕೊಟ್ಟರೆ ಆ ಮಿತಭಾಷಿ ಸಂಪಾದಕವು ಒಂದು ಪ್ರಶ್ನಾರ್ಥಕ ಚಿಹ್ನೆಯನ್ನು ಮಾತ್ರ ಅಚ್ಚುಮಾಡಿ ಸುಮ್ಮನಾಗುತ್ತಿತ್ತು.

ಮುಂದೆ ತೆರೆಯುಳ್ಳ ಟರ್ಮಿನಲ್‌ಗಳು ಬಂದುವು. ಲಂಡನ್ನಿನ ಕ್ವೀನ್ ಮೇರಿ ಕಾಲೇಜಿನ ಜಾರ್ಜ್ ಕೂಲೂರಿಸ್ ಎಂಬ ವಿದ್ವಾಂಸನು ‘ಇ-ಡಿ’ಯನ್ನು ಸುಧಾರಿಸಿ ‘ಇ-ಎಂ’ ಎಂಬುದನ್ನು ಸಿದ್ಧಪಡಿಸಿದ್ದನು. 1976ರಲ್ಲಿ ಆತನು ಅಮೆರಿಕದ ಬರ್ಕ್‌ಲಿ ವಿಶ್ವವಿದ್ಯಾನಿಲಯಕ್ಕೆ ಬಂದಾಗ ಅದನ್ನು ಅಲ್ಲಿಯವರಿಗೆ ತೋರಿಸಿದನು. ಅಲ್ಲಿ ವಿದ್ಯಾರ್ಥಿಯಾಗಿದ್ದ ಬಿಲ್ ಜಾಯ್ ಎಂಬ ತರುಣನು ಚಕ್ ಹೇಲಿ ಎಂಬ ಗೆಳೆಯನೊಡಗೂಡಿ ಈ ದಾರಿಯಲ್ಲಿ ಮುಂದುವರಿದು ‘ಎಕ್ಸ್’ ಎಂಬ ಸಂಪಾದಕವನ್ನು ಕಟ್ಟಿದನು. ಅದರ ದೃಶ್ಯರೂಪಕ್ಕೆ, ಎಂದರೆ ಬರವಣಿಗೆಯನ್ನು ತೆರೆಯ ತುಂಬ ಕಾಣಿಸುವ ರೂಪಕ್ಕೆ, ‘ವಿ-ಐ’ ಎಂಬ ಹೆಸರಾಯಿತು. ‘ವಿಷುಯಲ್’ ಎಂಬ ಪದದ ಮೊದಲೆರಡು ಅಕ್ಷರಗಳೇ ಈ ಹೆಸರು.

ಜಾಯ್ ತನ್ನ ಮನೆಯಲ್ಲಿಟ್ಟುಕೊಂಡಿದ್ದುದು ‘ಎ-ಡಿ-ಎಂ 3ಎ’ ಎಂಬ ಟರ್ಮಿನಲ್. ದೂರವಾಣಿ ತಂತಿಯ ಮೂಲಕ ವಿಶ್ವವಿದ್ಯಾನಿಲಯದ ಗಣಕಕ್ಕೆ ಅದರ ಸಂಪರ್ಕ. ಆ ಸಂಪರ್ಕದ ವೇಗ 300 ಬಾಡ್, ಎಂದರೆ ಸೆಕೆಂಡಿಗೆ ಸುಮಾರು 30 ಅಕ್ಷರಗಳು. ಟರ್ಮಿನಲ್‌ನ ತೆರೆಯಲ್ಲಿ ಒಂದೊಂದರಲ್ಲಿ 80 ಅಕ್ಷರಗಳಂತೆ 24 ಸಾಲುಗಳು. ಒಟ್ಟು 1920 ಅಕ್ಷರಗಳಾದುವು. ತೆರೆ ಒಮ್ಮೆ ಪೂರ್ತಿಯಾಗಿ ತುಂಬಬೇಕಾದರೆ 64 ಸೆಕೆಂಡುಗಳು ಬೇಕು! ಬರೆಯುವವನ ಬೆರಳಿಗಿಂತ ತೆರೆಯೇ ನಿಧಾನ. ಇಂತಹ ಸ್ಥಿತಿಯಲ್ಲಿ ಒಂದು ಅಕ್ಷರವನ್ನೂ ವ್ಯರ್ಥಮಾಡುವಂತಿರಲಿಲ್ಲ. ಅತ್ಯಲ್ಪ ಒತ್ತುಗಳಿಂದ ಅತ್ಯಧಿಕ ಕಾರ್ಯ ಸಾಧಿಸುವ ಕ್ರಮವನ್ನು ಆತನು ಕಂಡುಕೊಳ್ಳಲೇಬೇಕಾಯಿತು. ಸಾಮಾನ್ಯ ಅಕ್ಷರಗಳ ಕೀಲಿಗಳನ್ನೇ ಆಜ್ಞೆಗಳಿಗೂ ಬಳಸಿಕೊಂಡುದರಿಂದಲೇ ಎರಡು ಅವಸ್ಥೆಗಳು ಅನಿವಾರ್ಯವಾದುವು. ಸೂತ್ರದಲ್ಲಿ ಅರ್ಧ ಮಾತ್ರೆ ಉಳಿದರೂ ವೈಯಾಕರಣರು ಹಬ್ಬವೆಂದು ಹಿಗ್ಗುತ್ತಿದ್ದರೆಂಬುದು ಪಂಡಿತವಲಯದಲ್ಲಿ ಪ್ರಸಿದ್ಧವಾದ ಸಂಗತಿ. ಜಾಯ್‌ನ ಲಾಘವಪ್ರೀತಿ ಅದೇ ಜಾತಿಯದು. ಆದರೆ ಅದಕ್ಕೆ ಮೂಲ ಶಾಸ್ತ್ರವಲ್ಲ, ಬಡತನ.

ಮತ್ತೊಂದು ಸಂಗತಿಯೂ ಇಲ್ಲಿ ತಿಳಿಯತಕ್ಕುದು. ವಿ-ಐ ಸಂಪಾದಕದಲ್ಲಿ ಎಡಕ್ಕೆ ಚಲಿಸಲು ‘ಎಚ್’, ಕೆಳಕ್ಕೆ ‘ಜೆ’, ಮೇಲಕ್ಕೆ ‘ಕೆ’, ಬಲಕ್ಕೆ ‘ಎಲ್’ ಎಂಬ ಕೀಲಿಗಳು ವಿಹಿತವಾಗಿವೆ. ಆ ಟರ್ಮಿನಲ್‌ನಲ್ಲಿ ಬಾಣದ ಗುರುತುಗಳಿಗಾಗಿ ಪ್ರತ್ಯೇಕ ಕೀಲಿಗಳಿರಲಿಲ್ಲ. ಈ ನಾಲ್ಕು ಅಕ್ಷರಗಳ ಕೀಲಿಗಳ ಮೇಲೆಯೇ ಬಾಣಗಳನ್ನು ಅಚ್ಚುಮಾಡಲಾಗಿತ್ತು. ಎಸ್ಕೇಪ್ ಕೀಲಿಯೂ ಇಂದಿನ ಹಾಗೆ ದೂರದ ಮೂಲೆಯಲ್ಲಿರದೆ ‘ಕ್ಯೂ’ ಅಕ್ಷರದ ಪಕ್ಕದಲ್ಲಿಯೇ ಇತ್ತು. ಆ ಯಂತ್ರವು ಬಳಕೆ ತಪ್ಪಿ ದಶಕಗಳು ಸಂದಿವೆ. ಅದರ ಕೀಲಿಗಳ ನೆನಪು ಮಾತ್ರ ಇಂದಿಗೂ ಲೋಕದಾದ್ಯಂತ ಬರೆಯುವವರ ಬೆರಳುಗಳಲ್ಲಿ ಉಳಿದುಬಂದಿದೆ.

ಕ್ರಿಯಾಪದ, ಸಂಖ್ಯೆ, ಕರ್ಮಪದ

ಹೊಸಬರು ಮಾಡುವ ಮುಖ್ಯ ತಪ್ಪೆಂದರೆ ಈ ಆಜ್ಞೆಗಳನ್ನು ಬಿಡಿಬಿಡಿಯಾಗಿ ಕಂಠಪಾಠ ಮಾಡಲು ಹೊರಡುವುದು. ನೂರಾರು ಆಜ್ಞೆಗಳ ಪಟ್ಟಿಯನ್ನು ಕಂಡೊಡನೆ ಎದೆಗುಂದುವುದು ಸಹಜ. ವಾಸ್ತವವಾಗಿ ಇವು ಬಿಡಿ ಆಜ್ಞೆಗಳಲ್ಲ, ವಾಕ್ಯಗಳು. ವಾಕ್ಯಗಳಿಗೆ ವ್ಯಾಕರಣವಿದೆ. ಭಾಷೆಯನ್ನು ಕಲಿಯುವವನು ವಾಕ್ಯಗಳನ್ನೆಲ್ಲ ಬಾಯಿಪಾಠ ಮಾಡುವುದಿಲ್ಲ. ಪದಗಳನ್ನೂ ಅವುಗಳನ್ನು ಜೋಡಿಸುವ ನಿಯಮವನ್ನೂ ಅರಿತು ಬೇಕಾದ ವಾಕ್ಯವನ್ನು ತಾನೇ ರಚಿಸುತ್ತಾನೆ. ಇಲ್ಲಿಯೂ ಹಾಗೆಯೇ.

ವಿಮ್‌ನ ಕ್ರಿಯಾಪದಗಳು ಕೆಲವೇ. ‘ಡಿ’ ಎಂದರೆ ಅಳಿಸು. ‘ಸಿ’ ಎಂದರೆ ಬದಲಿಸು. ‘ವೈ’ ಎಂದರೆ ನಕಲು ತೆಗೆದಿಟ್ಟುಕೊ. ಎಲ್ಲವೂ ವಿಧ್ಯರ್ಥದ ರೂಪಗಳೇ. ಎಷ್ಟನ್ನು ಎಂಬುದಕ್ಕೆ ಕರ್ಮಪದಗಳುಂಟು. ‘ಡಬ್ಲ್ಯು’ ಎಂದರೆ ಮುಂದಿನ ಪದದ ಆರಂಭದವರೆಗೆ. ಡಾಲರ್ ಚಿಹ್ನೆ ಎಂದರೆ ಸಾಲಿನ ಕೊನೆಯವರೆಗೆ. ಸೊನ್ನೆ ಎಂದರೆ ಸಾಲಿನ ಮೊದಲವರೆಗೆ. ಮುಚ್ಚುವ ದುಂಡು ಆವರಣ ಎಂದರೆ ಮುಂದಿನ ವಾಕ್ಯದವರೆಗೆ. ಮುಚ್ಚುವ ಪುಷ್ಪಾವರಣ ಎಂದರೆ ವಾಕ್ಯವೃಂದದ ಕೊನೆಯವರೆಗೆ. ಇವೆರಡನ್ನು ಸೇರಿಸಿದರೆ ವಾಕ್ಯವಾಯಿತು. ‘ಡಿ’, ‘ಡಬ್ಲ್ಯು’ ಒತ್ತಿದರೆ ಒಂದು ಪದ ಅಳಿಯುತ್ತದೆ. ನಡುವೆ 3 ಎಂಬ ಅಂಕಿಯನ್ನು ಸೇರಿಸಿದರೆ ಮೂರು ಪದಗಳು ಅಳಿಯುತ್ತವೆ. ‘ಸಿ’ಯೊಡನೆ ಡಾಲರ್ ಚಿಹ್ನೆ ಒತ್ತಿದರೆ ಸಾಲಿನ ಉಳಿದ ಭಾಗ ಅಳಿದು, ಹೊಸದನ್ನು ಬರೆಯಲು ಅವಕಾಶ ದೊರೆಯುತ್ತದೆ. ಕ್ರಿಯಾಪದವನ್ನೇ ಎರಡು ಸಲ ಒತ್ತಿದರೆ ಅದು ಇಡೀ ಸಾಲಿಗೆ ಅನ್ವಯಿಸುತ್ತದೆ. ಅಳಿಸಿದುದನ್ನೂ ನಕಲು ತೆಗೆದುದನ್ನೂ ‘ಪಿ’ ಒತ್ತಿ ಬೇರೆಡೆಯಲ್ಲಿ ಇಡಬಹುದು. ಮಾಡಿದುದು ತಪ್ಪಾಯಿತೆಂದರೆ ‘ಯು’ ಒತ್ತಿದರೆ ಸಾಕು, ಹಿಂದಿನ ಸ್ಥಿತಿ ಮರಳುತ್ತದೆ. ಮೂಲ ವಿ-ಐನಲ್ಲಿ ಒಂದೇ ಹೆಜ್ಜೆ ಹಿಂದೆ ಹೋಗಬಹುದಾಗಿತ್ತು; ವಿಮ್‌ನಲ್ಲಿ ಹಲವು ಹೆಜ್ಜೆ ಹಿಂದೆ ಸರಿಯಬಹುದು.

ಲಾಭದ ಲೆಕ್ಕ ಇಲ್ಲಿ ಸ್ಪಷ್ಟವಾಗುತ್ತದೆ. 3 ಕ್ರಿಯಾಪದಗಳನ್ನೂ 10 ಕರ್ಮಪದಗಳನ್ನೂ ಕಲಿತವನು ನೆನಪಿಡಬೇಕಾದುದು 13 ಸಂಗತಿಗಳು. ರಚಿಸಬಲ್ಲ ವಾಕ್ಯಗಳು 30. ಇನ್ನೊಂದು ಕ್ರಿಯಾಪದ ಕಲಿತರೆ ಒಮ್ಮೆಗೇ 10 ಹೊಸ ವಾಕ್ಯಗಳು ಕೈಗೆ ಬರುತ್ತವೆ. ಕಲಿಕೆ ಕೂಡುತ್ತ ಹೋದಂತೆ ಫಲ ಗುಣಿಸುತ್ತ ಹೋಗುತ್ತದೆ.

ಕನ್ನಡಿಗರಿಗೆ ಈ ವಾಕ್ಯರಚನೆಯಲ್ಲಿ ಒಂದು ತೊಡಕು ತೋರಬಹುದು. ‘ಮೂರು ಪದಗಳನ್ನು ಅಳಿಸು’ ಎನ್ನುವಾಗ ನಮ್ಮ ನುಡಿಯಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ವಿಮ್‌ನ ವಾಕ್ಯದಲ್ಲಾದರೋ ಕ್ರಿಯಾಪದವೇ ಮೊದಲು. ಆದರೆ ವಿಮ್‌ನಲ್ಲಿ ಬೇರೊಂದು ಅವಸ್ಥೆಯೂ ಉಂಟು. ‘ವಿ’ ಎಂಬ ಕೀಲಿಯನ್ನು ಒತ್ತಿ ಚಲಿಸಿದರೆ, ಚಲಿಸಿದಷ್ಟು ಬರವಣಿಗೆ ಗುರುತಾಗಿ ಎದ್ದು ಕಾಣುತ್ತದೆ. ‘ಇಷ್ಟು’ ಎಂದು ಮೊದಲು ತೋರಿಸಿ, ಬಳಿಕ ‘ಡಿ’ ಒತ್ತಿ ‘ಅಳಿಸು’ ಎನ್ನಬಹುದು. ಕರ್ಮಪದ ಮೊದಲು, ಕ್ರಿಯಾಪದ ಕೊನೆಗೆ. ಇದು ಕನ್ನಡದ ಕ್ರಮವೇ ಆಯಿತು. ಹೊಸದಾಗಿ ಕಲಿಯುವವರು ಈ ಕ್ರಮದಿಂದ ಆರಂಭಿಸಿದರೆ ಏನು ಅಳಿಯಲಿದೆ ಎಂಬುದು ಮುಂಚಿತವಾಗಿಯೇ ಕಣ್ಣಿಗೆ ಕಾಣುವುದರಿಂದ ಧೈರ್ಯವೂ ಬರುತ್ತದೆ.

ಅಕ್ಷರಗಳೆಲ್ಲ ಇಂಗ್ಲಿಷಿನವಲ್ಲವೇ ಎಂಬ ಶಂಕೆಗೂ ಇಲ್ಲಿ ಸಮಾಧಾನ ಹೇಳಬಹುದು. ‘ಡಿ’, ‘ಸಿ’, ‘ಡಬ್ಲ್ಯು’ ಮುಂತಾದುವು ಇಂಗ್ಲಿಷ್ ಪದಗಳ ಮೊದಲ ಅಕ್ಷರಗಳೆಂಬುದು ನಿಜ. ಆದರೆ ‘ಎಚ್’, ‘ಜೆ’, ‘ಕೆ’, ‘ಎಲ್’ ಎಂಬ ಚಲನೆಯ ಕೀಲಿಗಳಿಗೆ ಇಂಗ್ಲಿಷಿನಲ್ಲಿಯೂ ಎಡ, ಕೆಳಗು, ಮೇಲು, ಬಲ ಎಂಬ ಅರ್ಥವಿಲ್ಲ. ಲಂಡನ್ನಿನ ಬಾಲಕನೂ ಅವನ್ನು ಸಂಕೇತವೆಂದೇ ಕಲಿಯಬೇಕು. ಪಾಣಿನಿಯ ವ್ಯಾಕರಣದಲ್ಲಿ ‘ಟಿ’, ‘ಘು’, ‘ಭ’ ಎಂಬ ಸಂಜ್ಞೆಗಳುಂಟು. ಅವಕ್ಕೆ ಲೋಕದಲ್ಲಿ ಅರ್ಥವಿಲ್ಲ, ಶಾಸ್ತ್ರದಲ್ಲಿ ಮಾತ್ರ ಅರ್ಥ. ಅವುಗಳನ್ನು ಕಲಿಯುವುದಕ್ಕೆ ಯಾವ ಬಾಲಕನಿಗೂ ಮಾತೃಭಾಷೆ ಅಡ್ಡಬರಲಿಲ್ಲ. ವಿಮ್‌ನ ಕೀಲಿಗಳೂ ಅಂತಹ ಸಂಜ್ಞೆಗಳೇ. ಕನ್ನಡ ಶಾಲೆಯಲ್ಲಿ ಕರ್ತೃ, ಕರ್ಮ, ಕ್ರಿಯೆಗಳನ್ನು ವಿಂಗಡಿಸಲು ಕಲಿತ ವಿದ್ಯಾರ್ಥಿಯು ಈ ವಿದ್ಯೆಯ ಅರ್ಧ ದಾರಿಯನ್ನು ಆಗಲೇ ನಡೆದಿರುತ್ತಾನೆ.

ಒಂದು ಉದಾಹರಣೆ

ಶಾಲೆಯ ಕಚೇರಿಯಲ್ಲಿ 200 ಸಾಲುಗಳ ಒಂದು ಪಟ್ಟಿಯಿದೆ ಎಂದು ಭಾವಿಸೋಣ. ಅದರಲ್ಲಿ ಹಲವೆಡೆ 2024 ಎಂದಿರಬೇಕಾದುದು ತಪ್ಪಾಗಿ 2023 ಎಂದು ಬಿದ್ದಿದೆ. ಕೆಲವೆಡೆ 2023 ಎಂಬುದು ಸರಿಯಾಗಿಯೇ ಇದೆ. ಮೊದಲು ಓರೆಗೆರೆಯ ಚಿಹ್ನೆಯನ್ನು ಒತ್ತಿ, 2023 ಎಂದು ಬರೆದು ಎಂಟರ್ ಕೊಡಬೇಕು. ಮುಂದಿರುವ ಮೊದಲ 2023ರ ಬಳಿಗೆ ಕರ್ಸರ್ ಹೋಗಿ ನಿಲ್ಲುತ್ತದೆ. ಅದು ತಪ್ಪಾಗಿದ್ದರೆ ‘ಸಿ’, ‘ಡಬ್ಲ್ಯು’ ಒತ್ತಿ 2024 ಎಂದು ಬರೆದು ಎಸ್ಕೇಪ್ ಒತ್ತಬೇಕು. ಇನ್ನು ಮುಂದೆ ಎರಡೇ ಕೀಲಿಗಳ ಕೆಲಸ. ‘ಎನ್’ ಒತ್ತಿದರೆ ಮುಂದಿನ 2023 ಬರುತ್ತದೆ. ಅದನ್ನು ತಿದ್ದಬೇಕಾಗಿದ್ದರೆ ಪೂರ್ಣವಿರಾಮದ ಕೀಲಿಯನ್ನು ಒತ್ತಿದರಾಯಿತು. ಹಿಂದೆ ಮಾಡಿದ ತಿದ್ದುಪಡಿಯೇ ಇಲ್ಲಿಯೂ ನಡೆಯುತ್ತದೆ. ಸರಿಯಾಗಿದ್ದರೆ ಮುಟ್ಟದೆ ಮತ್ತೆ ‘ಎನ್’ ಒತ್ತಿ ಮುಂದೆ ಹೋಗಬೇಕು.

ಪೂರ್ಣವಿರಾಮವು ಬರವಣಿಗೆಯಲ್ಲಿ ವಾಕ್ಯವನ್ನು ಮುಗಿಸುತ್ತದೆ. ಇಲ್ಲಿಯಾದರೋ ಹಿಂದಿನ ವಾಕ್ಯವನ್ನು ಪುನಃ ನುಡಿಯುತ್ತದೆ. ಹಿಂದಿನ ಸೂತ್ರದ ಪದವು ಮುಂದಿನ ಸೂತ್ರಕ್ಕೆ ತಾನಾಗಿ ಹರಿದುಬರುವುದನ್ನು ವೈಯಾಕರಣರು ಅನುವೃತ್ತಿ ಎನ್ನುತ್ತಾರೆ. ಈ ಚುಕ್ಕೆಯ ಮಹಿಮೆಯೂ ಅನುವೃತ್ತಿಯೇ. ಎಲ್ಲ 2023ಗಳನ್ನೂ ಒಂದೇ ಆಜ್ಞೆಯಿಂದ ಬದಲಿಸಿಬಿಡುವ ಉಪಾಯವೂ ವಿಮ್‌ನಲ್ಲಿ ಇಲ್ಲದಿಲ್ಲ. ಆದರೆ ಅದನ್ನು ಬಳಸಿದರೆ ಸರಿಯಾಗಿದ್ದ ಇಸವಿಗಳೂ ಕೆಡುತ್ತವೆ. ಯಾರದೋ ದಾಖಲಾತಿಯ ವರ್ಷ ಒಂದು ಮುಂದೆ ಸರಿಯುತ್ತದೆ. ಆ ಮಗು ಮುಂದೆ ಪ್ರಮಾಣಪತ್ರ ಹಿಡಿದು ಕಚೇರಿಗಳನ್ನು ಅಲೆಯಬೇಕಾಗುತ್ತದೆ. ಕೈಗೆ ವೇಗ ಕೊಡುವ ಉಪಕರಣವು ಕಣ್ಣಿಗೆ ವಿವೇಕವನ್ನು ಕೊಡಲಾರದು. ಅದನ್ನು ಬಳಸುವವನೇ ತರಬೇಕು.

ಅಭ್ಯಾಸದ ಕ್ರಮ

ಈ ವಿದ್ಯೆ ಓದಿನಿಂದ ಬರುವುದಲ್ಲ, ಕೈಯಿಂದ ಬರುವುದು. ಆದಕಾರಣ ವಿಮ್‌ನೊಡನೆಯೇ ‘ವಿಮ್ ಟ್ಯೂಟರ್’ ಎಂಬ ಪಾಠವೊಂದನ್ನು ಸೇರಿಸಿದ್ದಾರೆ. ಇದನ್ನು ಪೂರೈಸಲು ಸುಮಾರು ಅರ್ಧ ಗಂಟೆ ಸಾಕು. ಪಾಠದ ವಾಕ್ಯಗಳಲ್ಲಿ ಬೇಕೆಂದೇ ತಪ್ಪುಗಳನ್ನಿಟ್ಟು, ಅವನ್ನು ವಿದ್ಯಾರ್ಥಿಯಿಂದಲೇ ತಿದ್ದಿಸುವುದು ಇದರ ಕ್ರಮ. ತಿದ್ದುವುದು ಪಾಠದ ನಕಲನ್ನಾದುದರಿಂದ ಏನು ಕೆಟ್ಟರೂ ಮೂಲಕ್ಕೆ ಹಾನಿಯಿಲ್ಲ. ಮಾಡದೆ ಬರಿದೆ ಓದಿದರೆ ಮರೆತುಹೋಗುವುದೆಂದು ಆ ಪಾಠವೇ ಎಚ್ಚರಿಸುತ್ತದೆ.

ಮೊದಲ ವಾರ ಬರೆಯುವುದು, ಎಸ್ಕೇಪ್ ಒತ್ತುವುದು, ನಾಲ್ಕು ದಿಕ್ಕುಗಳಿಗೆ ಚಲಿಸುವುದು, ಉಳಿಸಿ ಹೊರಬರುವುದು ಇಷ್ಟೇ ಸಾಕು. ಎರಡನೆಯ ವಾರ ಪದದಿಂದ ಪದಕ್ಕೆ, ಸಾಲಿನ ತುದಿಯಿಂದ ತುದಿಗೆ ನೆಗೆಯುವುದನ್ನು ಕಲಿಯಬೇಕು. ಬಳಿಕ ಕ್ರಿಯಾಪದಗಳು, ಅನಂತರ ಹುಡುಕುವುದು ಮತ್ತು ಚುಕ್ಕೆಯ ಬಳಕೆ. ದಿನಕ್ಕೆ ಒಂದೇ ಹೊಸ ಕೀಲಿಯಾದರೂ ಚಿಂತೆಯಿಲ್ಲ, ಅದನ್ನು ನಿಜವಾದ ಕೆಲಸದಲ್ಲಿ ಬಳಸಬೇಕು. ಮೊದಮೊದಲು ಹಳೆಯ ರೂಢಿಗಿಂತ ಕೆಲಸ ನಿಧಾನವಾಗುವುದು ನಿಶ್ಚಯ. ಅನೇಕರು ಈ ಹಂತದಲ್ಲಿಯೇ ಕೈಬಿಡುತ್ತಾರೆ. ಅದನ್ನು ದಾಟಿದವರಿಗೆ ಒಂದು ದಿನ, ‘ಡಿ’ ಎಂದರೇನೆಂದು ನೆನಪಿಸಿಕೊಳ್ಳದೆಯೇ ಬೆರಳು ಅದರ ಮೇಲೆ ಹೋಗಿರುವುದು ಅರಿವಾಗುತ್ತದೆ. ಮಗ್ಗಿಯೂ ಅಮರಕೋಶವೂ ನಾಲಗೆಗೆ ಬಂದುದು ಇದೇ ಬಗೆಯಲ್ಲಿ.

ವಿದ್ಯುತ್ತು ಕೈಕೊಡುವ ನಮ್ಮ ಊರುಗಳಲ್ಲಿ ವಿಮ್‌ನ ಮತ್ತೊಂದು ಗುಣವೂ ಉಪಕಾರಿ. ತಿದ್ದುವ ಕಾಲದಲ್ಲಿ ಅದು ಪಕ್ಕದಲ್ಲಿ ಒಂದು ತಾತ್ಕಾಲಿಕ ಕಡತವನ್ನು ಇಟ್ಟುಕೊಂಡಿರುತ್ತದೆ. 200 ಅಕ್ಷರಗಳನ್ನು ಬರೆದಾಗ, ಅಥವಾ ಬೆರಳು 4 ಸೆಕೆಂಡು ಸುಮ್ಮನಿದ್ದಾಗ, ಬರೆದುದು ಅದರಲ್ಲಿ ದಾಖಲಾಗುತ್ತದೆ. ಯಂತ್ರವು ಹಠಾತ್ತನೆ ಆರಿದರೂ ಮುಂದೆ ಅದೇ ಕಡತವನ್ನು ತೆರೆದಾಗ ವಿಮ್ ಈ ಸಂಗತಿಯನ್ನು ತಿಳಿಸಿ, ಕಳೆದುದನ್ನು ಮರಳಿ ಪಡೆಯುವ ದಾರಿ ತೋರುತ್ತದೆ.

ಮಿತಿಗಳು

ಗುಣಗಳನ್ನು ಹೇಳಿ ಮಿತಿಗಳನ್ನು ಮರೆಮಾಚುವುದು ನ್ಯಾಯವಲ್ಲ. ಟರ್ಮಿನಲ್ ತೆರೆಯು ಪ್ರತಿಯೊಂದು ಅಕ್ಷರಕ್ಕೂ ಅಳತೆಯ ಚೌಕವೊಂದನ್ನು ಮೀಸಲಿಟ್ಟು ಕೆಲಸ ಮಾಡುತ್ತದೆ. ರೋಮನ್ ಅಕ್ಷರಗಳಿಗೆ ಇದು ಒಪ್ಪುತ್ತದೆ. ಗುಣಿತ, ಒತ್ತಕ್ಷರಗಳಿಂದ ಮೇಲೆ ಕೆಳಗೆ ಬೆಳೆಯುವ ಕನ್ನಡ ಲಿಪಿಯು ಆ ಚೌಕಗಳಲ್ಲಿ ಇಕ್ಕಟ್ಟಾಗುತ್ತದೆ. ಅನೇಕ ಟರ್ಮಿನಲ್‌ಗಳಲ್ಲಿ ಒತ್ತುಗಳು ಸರಿಯಾಗಿ ಕೂಡುವುದಿಲ್ಲ. ಅದಲ್ಲದೆ ಕೀಲಿಮಣೆಯನ್ನು ಕನ್ನಡಕ್ಕೆ ಬದಲಿಸಿಕೊಂಡಿರುವಾಗ ಆಜ್ಞೆಯ ಅಕ್ಷರಗಳನ್ನು ಒತ್ತಿದರೆ ವಿಮ್‌ಗೆ ಅರ್ಥವಾಗುವುದಿಲ್ಲ. ಮತ್ತೆ ಮತ್ತೆ ರೋಮನ್ ಅಕ್ಷರಗಳಿಗೆ ಮರಳಬೇಕಾಗುತ್ತದೆ. ಆದುದರಿಂದ ಕನ್ನಡದ ಪ್ರಬಂಧವನ್ನೋ ಪತ್ರವನ್ನೋ ಬರೆಯುವವರಿಗೆ ಬೇರೆ ತಂತ್ರಾಂಶಗಳೇ ಅನುಕೂಲ. ಕ್ರಮವಿಧಿ, ಪಟ್ಟಿ, ದೂರದ ಗಣಕಗಳ ಕಡತ ಇವುಗಳ ತಿದ್ದುಪಡಿಗೆ ವಿಮ್ ತಕ್ಕುದು. ಯೂನಿಕ್ಸ್ ಬಗೆಯ ವ್ಯವಸ್ಥೆಗಳಿಗಾಗಿ ರೂಪಿಸಿದ ‘ಪಾಸಿಕ್ಸ್’ ಎಂಬ ಮಾನಕದಲ್ಲಿ ವಿ-ಐ ಸಂಪಾದಕಕ್ಕೆ ಸ್ಥಾನವಿದೆ. ಆದುದರಿಂದ ಲೋಕದ ಯಾವ ಮೂಲೆಯ ಇಂತಹ ಗಣಕವನ್ನು ಪ್ರವೇಶಿಸಿದರೂ ಅಲ್ಲಿ ವಿ-ಐ ಅಥವಾ ಅದರ ಬಂಧು ದೊರೆಯುವ ಸಂಭವ ಹೆಚ್ಚು.

ಇನ್ನೊಂದು ಮಿತಿ ತಂತ್ರಾಂಶದ್ದಲ್ಲ, ಬಳಸುವವರದು. ವಿಮ್‌ನ್ನು ತಮಗೆ ಬೇಕಾದಂತೆ ಅಲಂಕರಿಸಿಕೊಳ್ಳಲು ಅವಕಾಶವಿರುವುದರಿಂದ ಕೆಲವರು ಬರೆಯುವುದನ್ನು ಬಿಟ್ಟು ಅಲಂಕಾರದಲ್ಲಿಯೇ ಮೈಮರೆಯುತ್ತಾರೆ. ನೇಗಿಲಿಗೆ ಬಣ್ಣ ಬಳಿಯುತ್ತ ಕುಳಿತರೆ ಹೊಲ ಬೀಳುಬೀಳುತ್ತದೆ.

ಉಗಾಂಡದ ಮಕ್ಕಳು

ವಿಮ್ ತಂತ್ರಾಂಶದ ಕರ್ತೃವಿನ ವಿಷಯವನ್ನು ಹೇಳದೆ ಈ ವಿವರಣೆ ಪೂರ್ಣವಾಗದು. ಹಾಲೆಂಡ್ ದೇಶದ ಬ್ರಾಮ್ ಮೋಲೆನಾರ್ ಎಂಬಾತನು ಅಮಿಗಾ ಎಂಬ ಮನೆಬಳಕೆಯ ಗಣಕವನ್ನು ಕೊಂಡಿದ್ದನು. ಅದರಲ್ಲಿ ತನ್ನ ಮನಸ್ಸಿಗೊಪ್ಪುವ ವಿ-ಐ ದೊರೆಯದೆ 1988ರಲ್ಲಿ, ‘ಸ್ಟೀವಿ’ ಎಂಬ ಹಿಂದಿನ ಅನುಕರಣವೊಂದನ್ನು ಆಧರಿಸಿ, ತಾನೇ ಒಂದನ್ನು ಸಿದ್ಧಪಡಿಸತೊಡಗಿದನು. 1991ರಲ್ಲಿ ಅದು ಸಾರ್ವಜನಿಕರಿಗೆ ದೊರೆಯಿತು. ಆತನು 1994ರಲ್ಲಿ ಉಗಾಂಡ ದೇಶದ ದಕ್ಷಿಣ ಭಾಗದ ಕಿಬಾಲೆ ಎಂಬಲ್ಲಿಯ ಮಕ್ಕಳ ಕೇಂದ್ರಕ್ಕೆ ಹೋಗಿ, ನೀರು ಮತ್ತು ನೈರ್ಮಲ್ಯದ ಕೆಲಸಕ್ಕಾಗಿ ಒಂದು ವರ್ಷ ಸೇವೆ ಸಲ್ಲಿಸಿದನು. ಏಡ್ಸ್ ರೋಗದಿಂದ ತಂದೆತಾಯಿಗಳನ್ನು ಕಳೆದುಕೊಂಡ ಮಕ್ಕಳು ಆ ಪ್ರದೇಶದಲ್ಲಿ ಬಹಳ. ಹಿಂತಿರುಗಿದ ಮೇಲೂ ಆತನು ಅವರನ್ನು ಮರೆಯಲಿಲ್ಲ. ತನ್ನ ತಂತ್ರಾಂಶಕ್ಕೆ ಬೆಲೆ ಕಟ್ಟದೆ, ಮೆಚ್ಚಿದವರು ಆ ಮಕ್ಕಳ ವಿದ್ಯಾಭ್ಯಾಸಕ್ಕೆ ಕೈಲಾದುದನ್ನು ಕೊಡಲೆಂದು ಕೋರಿದನು. ಕಡತದ ಹೆಸರು ಹೇಳದೆ ವಿಮ್ ತೆರೆದವರ ಮುಂದೆ, ಉಗಾಂಡದ ಬಡ ಮಕ್ಕಳಿಗೆ ನೆರವಾಗಿರಿ ಎಂಬರ್ಥದ ಒಂದು ಸಾಲು ಬಹುಕಾಲದಿಂದ ಮೂಡುತ್ತ ಬಂದಿತು. ಹೊಸಬನಿಗೆ ದಿಗ್ಭ್ರಮೆ ಹುಟ್ಟಿಸುವ ಆ ಖಾಲಿ ತೆರೆಯ ನಡುವೆ ಇಂತಹ ಸಾಲೊಂದಿತ್ತೆಂಬುದನ್ನು ಗಾಬರಿಯಲ್ಲಿ ಅನೇಕರು ಗಮನಿಸಿರಲಾರರು.

ಮೋಲೆನಾರ್ 2023ರ ಆಗಸ್ಟ್ 3ರಂದು ನಿಧನನಾದನು. ಕ್ರಿಶ್ಚಿಯನ್ ಬ್ರಾಬಂಟ್ ಮೊದಲಾದ ಸ್ವಯಂಸೇವಕರು ಕೆಲಸವನ್ನು ಮುಂದುವರಿಸಿ, 2024ರ ಜನವರಿಯಲ್ಲಿ ವಿಮ್‌ನ 9.1ನೆಯ ಆವೃತ್ತಿಯನ್ನು ಆತನ ಸ್ಮರಣೆಗೆ ಅರ್ಪಿಸಿದರು. ಮೂವತ್ತು ವರ್ಷಗಳಿಗೂ ಮಿಕ್ಕ ಶ್ರಮದ ಫಲವು ಲೋಕಕ್ಕೆ ಉಚಿತವಾಗಿ ದೊರೆತಿದೆ. ಅದರ ನೆಪದಿಂದ ದೂರದ ಮಕ್ಕಳು ಓದಿದ್ದಾರೆ. ಅನ್ನ ಅಕ್ಷರಗಳೆರಡನ್ನೂ ಬೆಲೆ ಕೇಳದೆ ನೀಡುವ ಸಂಸ್ಥೆಗಳಲ್ಲಿ ಬೆಳೆದ ವಿದ್ಯಾರ್ಥಿಗಳಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾದುದಿಲ್ಲ.

ಹಳೆಯ ಗಣಕವೊಂದು ಯಾವುದೋ ಹಳ್ಳಿಯ ಶಾಲೆಯ ಮೂಲೆಯಲ್ಲಿ ನಿಷ್ಪ್ರಯೋಜಕವೆಂದು ಕುಳಿತಿರಬಹುದು. ಹೊಸ ತಂತ್ರಾಂಶಗಳ ಭಾರವನ್ನು ಹೊರಲು ಅದಕ್ಕೆ ಶಕ್ತಿಯಿರಲಿಕ್ಕಿಲ್ಲ. ಸೆಕೆಂಡಿಗೆ 30 ಅಕ್ಷರಗಳ ಕಾಲದಲ್ಲಿ ಹುಟ್ಟಿದ ಕ್ರಮವು ಅದರಲ್ಲಿಯೂ ಚುರುಕಾಗಿ ನಡೆಯಬಲ್ಲದು. ಅಲ್ಲಿ ಕುಳಿತು ಕೀಲಿ ಒತ್ತುವ ಮಗುವಿಗೆ ಬೇಕಾದುದು ಹಣವಲ್ಲ, ಇಂಗ್ಲಿಷ್ ಮಾತಿನ ಓಟವೂ ಅಲ್ಲ. ಹದಿನೈದು ಸಂಜ್ಞೆಗಳ ಜ್ಞಾನ, ಒಂದು ಸಣ್ಣ ವ್ಯಾಕರಣ ಮತ್ತು ಕೆಲವು ವಾರಗಳ ತಾಳ್ಮೆ. ಮೊದಲ ಅಕ್ಷರ ತೆರೆಯ ಮೇಲೆ ಮೂಡದಿದ್ದಾಗ ಕೀಲಿ ಕೆಟ್ಟಿತೆಂದು ಎದ್ದುಹೋಗದೆ, ಅದು ತನ್ನ ಆಜ್ಞೆಗಾಗಿ ಕಾದಿದೆ ಎಂದು ತಿಳಿದ ಮಗುವಿಗೆ ಉಳಿದುದು ಅಭ್ಯಾಸ ಮಾತ್ರ.